ಆಷಾಢದ ಹಾಜರಿ

ಮೈಸೂರಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಲು ಆರಂಭಿಸಿ ನನಗೆ ಹದಿನಾಲ್ಕು ವರ್ಷಗಳಾದವು. ಈ ಹದಿನಾಲ್ಕು ವರ್ಷಗಳ ಹಾಜರಿ ಪುಸ್ತಕಗಳಲ್ಲಿ ಒಂದು ಏರಿಳಿತವಿದೆ. ಅದು ಕಣ್ಣಿಗೆ ಬಿದ್ದದ್ದು ಮಾತ್ರ ಬಹಳ ತಡವಾಗಿ. ವರ್ಷದ ಬೇರೆ ದಿನಗಳಲ್ಲಿ ಅರ್ಧಕ್ಕರ್ಧ ಖಾಲಿಯಿರುವ ಹಿಂದಿನ ಬೆಂಚುಗಳು ಆಷಾಢದಲ್ಲಿ ತುಂಬುತ್ತವೆ. ಪಿತೃಪಕ್ಷದ ಹದಿನೈದು ದಿನ ಮತ್ತೆ ತುಂಬುತ್ತವೆ. ಧನುರ್ಮಾಸದ ಚಳಿಯಲ್ಲಿ ಬೆಳಗಿನ ಮೊದಲ ಪಾಠಕ್ಕೂ ಆ ಬೆಂಚುಗಳ ಹುಡುಗರು ಬಂದು ಕೂತಿರುತ್ತಾರೆ. ಮಾಘ, ಫಾಲ್ಗುಣ, ವೈಶಾಖಗಳಲ್ಲಿ ಅವೇ ಹೆಸರುಗಳ ಎದುರು ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತವೆ. ಪಂಚಾಂಗ ನೋಡಿಕೊಂಡು ಕಾಲೇಜಿಗೆ ಬರುವ ಹುಡುಗರಿದ್ದಾರೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಾರಣ ತುಂಬ ಸರಳವಾದದ್ದು. ಆ ತಿಂಗಳುಗಳಲ್ಲಿ ಮದುವೆಗಳು ನಡೆಯುವುದಿಲ್ಲ. ಮದುವೆಯಿಲ್ಲದಿದ್ದರೆ ಛತ್ರಗಳಲ್ಲಿ ಬಡಿಸುವ ಕೆಲಸವಿಲ್ಲ. ಕೆಲಸವಿಲ್ಲದ ದಿನ ಅವರು ಪಾಠಕ್ಕೆ ಬರುತ್ತಾರೆ.

ಇದು ನನಗೆ ತಿಳಿದದ್ದು ಒಂದು ಮದುವೆ ಊಟದ ಪಂಕ್ತಿಯಲ್ಲಿ ಕೂತಾಗ. ಆದರೆ ಅದಕ್ಕೂ ಮೂರು ವಾರ ಹಿಂದೆ ನನ್ನ ತರಗತಿಯಲ್ಲಿ ನಡೆದದ್ದನ್ನು ಮೊದಲು ಹೇಳಬೇಕು, ಏಕೆಂದರೆ ಈ ಬರಹವನ್ನು ಬರೆಯುವಂತೆ ಕಾಡುತ್ತಿರುವುದು ಅದೇ.

ಸೋಮವಾರದ ಮೊದಲ ಪಾಠ

2023ರ ಫೆಬ್ರವರಿ. ಎರಡನೆಯ ವರ್ಷದ ಬಿ.ಎ. ತರಗತಿಯಲ್ಲಿ ಅವಕಾಶ ವೆಚ್ಚ ಎಂಬ ಪರಿಕಲ್ಪನೆಯನ್ನು ಬಿಡಿಸಿ ಹೇಳುತ್ತಿದ್ದೆ. ಒಂದನ್ನು ಆರಿಸಿಕೊಂಡಾಗ ಕೈತಪ್ಪಿ ಹೋಗುವ ಇನ್ನೊಂದು ಇದೆಯಲ್ಲ, ಅದರ ಬೆಲೆಯೇ ನಮ್ಮ ಆಯ್ಕೆಯ ನಿಜವಾದ ವೆಚ್ಚ ಎಂದು ಕಪ್ಪುಹಲಗೆಯ ಮೇಲೆ ಉದಾಹರಣೆ ಬರೆದು ತಿರುಗಿದರೆ, ಕೊನೆಯ ಬೆಂಚಿನಲ್ಲಿ ಗೋಡೆಗೆ ಒರಗಿದ್ದ ಹುಡುಗನ ಕತ್ತು ಮೆಲ್ಲಗೆ ವಾಲುತ್ತ ಪಕ್ಕದವನ ಹೆಗಲಿಗೆ ಬಂದು ನಿಂತಿತ್ತು. ಹೆಗ್ಗಡದೇವನಕೋಟೆ ಕಡೆಯ ಊರಿನ ಹುಡುಗ. ಹೆಸರು ಕರೆದಾಗ ‘ಎಸ್ ಮೇಡಂ’ ಎನ್ನುವುದರಾಚೆಗೆ ಒಂದೂವರೆ ವರ್ಷದಲ್ಲಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಎಬ್ಬಿಸಿ ನಿಲ್ಲಿಸಿದೆ. “ರಾತ್ರಿಯೆಲ್ಲ ಮೊಬೈಲ್ ಹಿಡ್ಕೊಂಡು ಕೂತ್ರೆ ಬೆಳಗ್ಗೆ ಇನ್ನೇನಾಗುತ್ತೆ? ನಿದ್ದೆ ಮಾಡೋದಾದ್ರೆ ಮನೆಗೆ ಹೋಗಿ ಮಾಡು” ಎಂದೆ. ತರಗತಿ ನಕ್ಕಿತು. ಅವನು ತಲೆಯೆತ್ತದೆ “ಸಾರಿ ಮೇಡಂ” ಎಂದು ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಹೋದ. ಬಾಗಿಲು ದಾಟುವಾಗ ಅವನ ಬಿಳಿ ಅಂಗಿಯ ತೋಳಿನಂಚಿನಲ್ಲಿ ಅರಿಸಿನ ಬಣ್ಣದ ಕಲೆ ಕಂಡಿತು. ಕಂಡದ್ದು ಚೆನ್ನಾಗಿ ನೆನಪಿದೆ. ಅದೇನೆಂದು ಕೇಳಬೇಕೆಂದು ತೋಚಲಿಲ್ಲ.

ಆ ತಿಂಗಳ ಕೊನೆಗೆ ಹಾಜರಿ ಕೊರತೆಯವರ ಪಟ್ಟಿ ಸಿದ್ಧವಾಯಿತು. ಪರೀಕ್ಷೆಗೆ ಕೂರಲು ಶೇಕಡಾ 75ರಷ್ಟು ಹಾಜರಿ ಬೇಕು. ಅವನದು 58 ಇತ್ತು. ನಾನು ಸಹಿ ಹಾಕಿದೆ. ಆ ಪಟ್ಟಿಯ ಹುಡುಗರೆಲ್ಲ ನನ್ನ ಮಟ್ಟಿಗೆ ಆಗ ಒಂದೇ ಬಗೆಯವರು: ಓದಿನಲ್ಲಿ ಆಸಕ್ತಿಯಿಲ್ಲದವರು, ಬಸ್ ನಿಲ್ದಾಣದಲ್ಲೋ ಕಾರಂಜಿ ಕೆರೆಯ ದಂಡೆಯಲ್ಲೋ ಹೊತ್ತು ಕಳೆಯುವವರು. ಸಿಬ್ಬಂದಿ ಕೊಠಡಿಯಲ್ಲಿ ನಾವೆಲ್ಲ ಹಾಗೆಯೇ ಮಾತಾಡಿಕೊಳ್ಳುತ್ತಿದ್ದೆವು, ಮತ್ತು ನಮ್ಮಲ್ಲಿ ಯಾರಿಗೂ ಅದರಲ್ಲಿ ತಪ್ಪಿದೆ ಅನ್ನಿಸಿರಲಿಲ್ಲ.

ಎರಡನೆಯ ಪಂಕ್ತಿ

ಮಾರ್ಚಿಯಲ್ಲಿ ಪರಿಚಿತರ ಮಗಳ ಮದುವೆ. ಧಾರೆ ಮುಗಿದು, ಎರಡನೆಯ ಪಂಕ್ತಿಯಲ್ಲಿ ನನಗೆ ಜಾಗ ಸಿಕ್ಕಿತು. ಬಿಳಿ ಅಂಗಿ, ಕಪ್ಪು ಪ್ಯಾಂಟು, ತಲೆಗೆ ಟೋಪಿ ಹಾಕಿಕೊಂಡ ಹುಡುಗರು ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಂದು ಒಬ್ಬರ ಹಿಂದೊಬ್ಬರು ಸಾಲಿನಲ್ಲಿ ಸಾಗುತ್ತಿದ್ದರು. ನಾವು ಯಾರೂ ಬಡಿಸುವವರ ಮುಖ ನೋಡುವುದಿಲ್ಲ. ಎಲೆಯ ಮೇಲೆ ಬೀಳುವುದನ್ನಷ್ಟೇ ನೋಡುತ್ತೇವೆ. ಹಾಗಾಗಿ ನನಗೆ ಮೊದಲು ಗೊತ್ತಾದದ್ದು ದನಿ. ಸಾಲಿನ ಆ ತುದಿಯಿಂದ “ಅನ್ನ, ಅನ್ನ, ಬಿಸಿ ಅನ್ನ” ಎಂದು ಛತ್ರದ ಗದ್ದಲವನ್ನು ಸೀಳಿಕೊಂಡು ಬರುತ್ತಿದ್ದ ಗಟ್ಟಿಯಾದ, ಅಳುಕಿಲ್ಲದ ದನಿ. ತಲೆಯೆತ್ತಿ ನೋಡಿದರೆ ನನ್ನ ಕೊನೆಯ ಬೆಂಚಿನ ಹುಡುಗ. ಅವನೂ ನನ್ನನ್ನು ಕಂಡ. ಸೌಟು ಒಂದು ಕ್ಷಣ ಗಾಳಿಯಲ್ಲೇ ನಿಂತಿತು. “ಹಾಕ್ಲಾ ಮೇಡಂ?” ಎಂದು ಕೇಳಿ, ಎರಡು ಸೌಟು ಅನ್ನ ಬಡಿಸಿ, ಮುಂದಿನ ಎಲೆಗೆ ಹೋದ. ಆಮೇಲೆ ನಮ್ಮ ಸಾಲಿಗೆ ಹುಳಿ ತಂದವನು ಬೇರೆ ಹುಡುಗ. ಇವನು ಎದುರು ಸಾಲಿಗೆ ಬದಲಾಯಿಸಿಕೊಂಡಿದ್ದ.

ಊಟ ಮಾಡುತ್ತ ನಾನು ಅವನನ್ನೇ ನೋಡುತ್ತಿದ್ದೆ. ಸಾಲಿನ ಕೊನೆಯಲ್ಲಿ ಹಲ್ಲಿಲ್ಲದ ಒಬ್ಬ ಹಿರಿಯರು ಅನ್ನವನ್ನು ಕಲಸಿಯೂ ತಿನ್ನಲಾಗದೆ ಕೂತಿದ್ದರು. ಯಾರೂ ಹೇಳದೆಯೇ ಅವನು ಅದನ್ನು ಗಮನಿಸಿ, ಒಳಗಿನಿಂದ ಮೆತ್ತಗೆ ಬೆಂದ ಅನ್ನವನ್ನೂ ತೊವ್ವೆಯನ್ನೂ ತಂದು ಅವರ ಎಲೆಗೆ ಬಡಿಸಿ, “ನಿಧಾನಕ್ಕೆ ತಿನ್ನಿ ತಾತ, ಆತುರ ಇಲ್ಲ” ಎಂದ. ಅಡುಗೆ ಮನೆಯ ಬಾಗಿಲಿಗೆ ಹೋಗಿ, ಮುಂದಿನ ಪಂಕ್ತಿಗೆ ಕಾದು ನಿಂತವರನ್ನು ಕಣ್ಣಳತೆಯಲ್ಲೇ ಎಣಿಸಿ, ಒಬ್ಬಟ್ಟು ಇನ್ನೆಷ್ಟು ಎಲೆಗೆ ಸಾಲದೆ ಬರುತ್ತದೆಂದು ಕೂಗಿ ಹೇಳಿದ. ಹೊಸಬನಾದ ಒಬ್ಬ ಚಿಕ್ಕ ಹುಡುಗ ಬಕೆಟ್ಟನ್ನು ಎಲೆಯ ಮೇಲೆ ವಾಲಿಸಿ ಹಿಡಿದಾಗ ಕೈ ಹಿಡಿದು ತಿದ್ದಿದ. ಆ ಅರ್ಧ ಗಂಟೆಯಲ್ಲಿ ನಾನು ಕಂಡ ಚುರುಕು, ಲೆಕ್ಕ, ಜವಾಬ್ದಾರಿ ಇವೆಲ್ಲ ಒಂದೂವರೆ ವರ್ಷ ನನ್ನೆದುರೇ ಇದ್ದವು. ತರಗತಿಗೆ ಬರುವ ಹೊತ್ತಿಗೆ ಅವೆಲ್ಲ ಖರ್ಚಾಗಿ ಹೋಗಿರುತ್ತಿದ್ದವು ಎನ್ನುವುದು ಆಗ ಹೊಳೆಯಿತು.

ಹೊರಡದೆ ಕಾದಿದ್ದೆ. ಕೊನೆಯ ಪಂಕ್ತಿ ಎದ್ದು, ಎಲೆಗಳನ್ನು ತೆಗೆದು, ಮೇಜುಗಳನ್ನು ಒರೆಸಿ ಅವನು ಕೈತೊಳೆಯುವ ಕಡೆಗೆ ಬಂದಾಗ ಮೂರೂವರೆ ಗಂಟೆ. ಬಡಿಸುವವರ ಊಟ ಇನ್ನೂ ಆಗಿರಲಿಲ್ಲ. ನಾನು ಏನು ಹೇಳಬೇಕೆಂದು ಹುಡುಕುತ್ತಿರುವಾಗ ಅವನೇ ಹೇಳಿದ: “ಮೇಡಂ, ಕಾಲೇಜಲ್ಲಿ ಯಾರಿಗೂ ಹೇಳ್ಬೇಡಿ.” ಹಾಜರಿಯ ವಿಷಯ ಎತ್ತಲಿಲ್ಲ, ಪಟ್ಟಿಯಿಂದ ಹೆಸರು ತೆಗೆಯಿರಿ ಎನ್ನಲಿಲ್ಲ, ನಾನು ಅಂದ ಮಾತನ್ನೂ ನೆನಪಿಸಲಿಲ್ಲ. ಕದ್ದು ಸಿಕ್ಕಿಬಿದ್ದವನ ಹಾಗೆ ಆ ಒಂದು ಮಾತು ಹೇಳಿ ನಿಂತಿದ್ದ. ತಾನು ದುಡಿಯುತ್ತಿರುವುದನ್ನು ತನ್ನ ಗುರುಗಳಿಂದ ಮುಚ್ಚಿಡಬೇಕು ಎಂದು ಆ ಹುಡುಗನಿಗೆ ಕಲಿಸಿದವರು ಯಾರು? ಯೋಚಿಸಿದಷ್ಟೂ ಉತ್ತರ ನನ್ನ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ಹತ್ತೊಂಬತ್ತು ಗಂಟೆ

ನಂತರದ ತಿಂಗಳುಗಳಲ್ಲಿ ಅವನೂ ಅವನ ಜೊತೆಗಾರರಲ್ಲಿ ನಾಲ್ಕೈದು ಮಂದಿಯೂ ಸ್ವಲ್ಪ ಸ್ವಲ್ಪವಾಗಿ ಹೇಳಿಕೊಂಡದ್ದರಿಂದ ಈ ಕೆಲಸದ ಒಳಗು ತಿಳಿಯಿತು. ಅವರು ಇದನ್ನು ‘ಕ್ಯಾಟರಿಂಗ್‌ಗೆ ಹೋಗೋದು’ ಎನ್ನುತ್ತಾರೆ. ಗುತ್ತಿಗೆದಾರರ ಕೈಕೆಳಗೆ ಹುಡುಗರನ್ನು ಒದಗಿಸುವ ಒಬ್ಬ ಅಣ್ಣ ಇರುತ್ತಾನೆ. ಅವನದೊಂದು ವಾಟ್ಸ್ಯಾಪ್ ಗುಂಪು. ನಾಳೆ ಇಪ್ಪತ್ತು ಜನ ಬೇಕು, ಇಂಥ ಛತ್ರ, ಇಷ್ಟು ಗಂಟೆಗೆ, ಬಿಳಿ ಅಂಗಿ, ಶೂ ಕಡ್ಡಾಯ ಎಂದು ಸಂದೇಶ ಬರುತ್ತದೆ. ಮೊದಲು ಉತ್ತರಿಸಿದ ಇಪ್ಪತ್ತು ಜನರಿಗೆ ಕೆಲಸ. ಹಾಗಾಗಿ ತರಗತಿಯಲ್ಲಿ ಬೆಂಚಿನ ಕೆಳಗೆ ಫೋನ್ ನೋಡುವ ಹುಡುಗ ಆಟವಾಡುತ್ತಿದ್ದಾನೆಂದು ನಾನು ತಿಳಿದಾಗ ಎಷ್ಟೋ ಸಲ ಅವನು ಮರುದಿನದ ಕೂಲಿಗಾಗಿ ಹೆಸರು ಕೊಡುತ್ತಿದ್ದಿರಬೇಕು. ಎರಡು ಬಾರಿ ಬರುವುದಿಲ್ಲ ಎಂದರೆ ಮೂರನೆಯ ಬಾರಿ ಕರೆ ಬರುವುದಿಲ್ಲ. ಬಿಡುವಾದಾಗ ಮಾಡಿಕೊಳ್ಳುವ ಕೆಲಸ ಎಂದು ಹೊರಗಿನಿಂದ ಕಾಣುವುದು ಒಳಗೆ ಹೋಗಿ ನೋಡಿದರೆ ಹಾಗಿಲ್ಲ. ಬಿಡುವನ್ನು ನಿರ್ಧರಿಸುವವರು ಬೇರೆಯವರು.

ಒಂದು ಮದುವೆಯ ಲೆಕ್ಕ ಹೀಗಿದೆ. ಆರತಕ್ಷತೆಯ ದಿನ ಸಂಜೆ ನಾಲ್ಕಕ್ಕೆ ಹೋದರೆ ಎಲ್ಲ ತೊಳೆದು ಮುಗಿಸುವಾಗ ರಾತ್ರಿ ಹನ್ನೆರಡು. ಊರಿಗೆ ಬಸ್ಸಿಲ್ಲ, ರೂಮಿಗೆ ಹೋಗಿ ಬರುವಷ್ಟು ಹೊತ್ತಿಲ್ಲ. ಊಟದ ಹಾಲಿನಲ್ಲೇ ಜಮಖಾನ ಹಾಸಿಕೊಂಡು ನಾಲ್ಕೂವರೆ ತನಕ ಕಣ್ಣು ಮುಚ್ಚುವುದು. ಬೆಳಗ್ಗೆ ಐದಕ್ಕೆ ಕಾಫಿ, ತಿಂಡಿ. ಆಮೇಲೆ ಮುಹೂರ್ತದ ಊಟ. ಬಿಡುಗಡೆ ಸಂಜೆ ನಾಲ್ಕಕ್ಕೆ. ಎಂಟು ಮತ್ತು ಹನ್ನೊಂದು, ಒಟ್ಟು ಹತ್ತೊಂಬತ್ತು ಗಂಟೆಗಳ ದುಡಿಮೆ. ಲಗ್ನದ ಕಾಲದಲ್ಲಿ ವಾರಕ್ಕೆ ಇಂಥವು ಎರಡು ಸಿಕ್ಕರೆ 38 ಗಂಟೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಒಬ್ಬ ಪೂರ್ಣಾವಧಿ ನೌಕರನಿಗೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿ ಹಾಕುತ್ತದೆ. ನನ್ನ ಹುಡುಗರು ಆ ಮಿತಿಯ ಹತ್ತಿರ ಹತ್ತಿರ ದುಡಿದು, ಅದರ ಮೇಲೆ ಪೂರ್ಣಾವಧಿ ವಿದ್ಯಾರ್ಥಿಗಳೂ ಆಗಿರಬೇಕೆಂದು ನಾವು ಅಪೇಕ್ಷಿಸುತ್ತೇವೆ. ವಾರಕ್ಕೆ ಹತ್ತು ಹದಿನೈದು ಗಂಟೆಯ ಕೆಲಸ ಓದಿಗೆ ಅಷ್ಟಾಗಿ ತೊಡಕಾಗದು, ಇಪ್ಪತ್ತನ್ನು ಮೀರಿದಾಗ ಅಂಕಗಳೂ ಆರೋಗ್ಯವೂ ಕುಸಿಯತೊಡಗುತ್ತವೆ ಎನ್ನುವುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಪದೇ ಪದೇ ಕಂಡುಬಂದಿರುವ ಸಂಗತಿ. ಆದ್ದರಿಂದ ವಿದ್ಯಾರ್ಥಿಗಳು ಕೆಲಸ ಮಾಡಬಾರದು ಎನ್ನುವುದು ನನ್ನ ವಾದವಲ್ಲ. ಆ ಹುಡುಗನ ಮುಖದಲ್ಲಿ ಛತ್ರದಲ್ಲಿ ಕಂಡ ಆತ್ಮವಿಶ್ವಾಸವನ್ನು ನಾನು ಮರೆತಿಲ್ಲ. ಅದನ್ನು ಅವನಿಗೆ ಕೊಟ್ಟದ್ದು ಕೆಲಸವೇ, ನಮ್ಮ ಪಾಠವಲ್ಲ. ತಂಗಿಯ ಪಿಯುಸಿ ಶುಲ್ಕವನ್ನು ತಾನೇ ಕಟ್ಟಿದೆ ಎಂದು ಹೇಳುವಾಗ ಅವನು ನೆಟ್ಟಗೆ ನಿಂತಿದ್ದ. ನನ್ನ ಚಿಂತೆ ಗಂಟೆಗಳದ್ದು.

ಆ ಗಂಟೆಗಳು ಎಲ್ಲಿಂದ ಬರುತ್ತವೆ ಎಂದು ನೋಡಿದರೆ, ಹೆಚ್ಚಿನವು ನಿದ್ದೆಯಿಂದ ಬರುತ್ತವೆ. ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನವರಿಗೆ ದಿನಕ್ಕೆ 7ರಿಂದ 9 ಗಂಟೆಗಳ ನಿದ್ದೆ ಬೇಕು. ಹಗಲು ಕಲಿತದ್ದು ಮನಸ್ಸಿನಲ್ಲಿ ನೆಲೆಯೂರುವುದೇ ನಿದ್ದೆಯಲ್ಲಿ. ಸತತವಾಗಿ 17 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರ ಇದ್ದವರ ಮಟ್ಟಕ್ಕೆ ಇಳಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ಇದನ್ನು ಓದಿದ ದಿನ ನನಗೆ ಪಾಠದ ಯೋಚನೆ ಬರಲಿಲ್ಲ. ಕೆಲಸ ಮುಗಿಸಿ ಸ್ನೇಹಿತನ ಬೈಕಿನ ಹಿಂದೆ ಕೂತು ರಿಂಗ್ ರಸ್ತೆಯಲ್ಲಿ ಹೋಗುವ ಹುಡುಗರ ನೆನಪಾಯಿತು. ಬಡಿಸುವವರಿಗೆ ಊಟ ಸಿಗುವುದು ಎಲ್ಲರದೂ ಮುಗಿದ ಮೇಲೆ. ಇಪ್ಪತ್ತರ ಹುಡುಗರು ಹೊಟ್ಟೆಯುರಿಗೆ ಮಾತ್ರೆ ನುಂಗುತ್ತಾರೆ. ತುಂಬಿದ ಬಕೆಟ್ಟು ಹಿಡಿದು ಬಗ್ಗಿ ಬಗ್ಗಿ ಸೊಂಟ ಹಿಡಿದಿರುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಲಕಿದ್ದು ಅವರ ಒಂಟಿತನ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅವರಿಲ್ಲ, ಎನ್‌ಎಸ್‌ಎಸ್ ಶಿಬಿರದಲ್ಲಿ ಇಲ್ಲ, ಗ್ರಂಥಾಲಯದ ಮೆಟ್ಟಿಲ ಮೇಲಿನ ಹರಟೆಯಲ್ಲೂ ಇಲ್ಲ. ಮನೆಯಲ್ಲಿ ತಾಯಿಗೆ ‘ಲೈಬ್ರರೀಲಿ ಓದ್ಕೋತಾ ಇದ್ದೆ’ ಎಂದಿರುತ್ತಾರೆ, ನಮಗೆ ‘ಊರಿಗೆ ಹೋಗಿದ್ದೆ’ ಎಂದಿರುತ್ತಾರೆ. ಎರಡು ಕಡೆ ಎರಡು ಸುಳ್ಳನ್ನು ನೆನಪಿಟ್ಟುಕೊಂಡು ಬದುಕುವ ಆಯಾಸ ಯಾವ ನಿದ್ದೆಯಿಂದಲೂ ಹೋಗುವಂಥದ್ದಲ್ಲ.

ವಿದೇಶಕ್ಕೆ ಓದಲು ಹೋದ ನಮ್ಮ ಹಳೆಯ ವಿದ್ಯಾರ್ಥಿಗಳು ಫೋನಿನಲ್ಲಿ ಈ ಗಂಟೆಗಳ ಲೆಕ್ಕವನ್ನು ಬೇರೆ ರೀತಿಯಲ್ಲಿ ಹೇಳುತ್ತಾರೆ. ಬ್ರಿಟನ್ನಿನಲ್ಲಿ ಪದವಿ ಓದಲು ಹೋದವರಿಗೆ ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆ, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48 ಗಂಟೆ, ಕೆನಡಾದಲ್ಲಿ 2024ರ ನವೆಂಬರಿನಿಂದ ವಾರಕ್ಕೆ 24 ಗಂಟೆ, ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ. ಆ ಮಿತಿಗಳು ಬಹುಮಟ್ಟಿಗೆ ಹೊರಗಿನಿಂದ ಬಂದವರ ಮೇಲಿನ ಹತೋಟಿಗಾಗಿ ಇರುವಂಥವು, ಅವುಗಳನ್ನು ಮೀರಿ ಕದ್ದು ದುಡಿಯುವವರೂ ಇದ್ದಾರೆ ಎನ್ನುವುದನ್ನು ಬಲ್ಲೆ. ಆದರೂ ಅಲ್ಲಿ ಒಬ್ಬ ಮನುಷ್ಯ ಏಕಕಾಲಕ್ಕೆ ವಿದ್ಯಾರ್ಥಿಯೂ ದುಡಿಮೆಗಾರನೂ ಆಗಿರಬಲ್ಲ ಎಂಬುದನ್ನು ಸರ್ಕಾರ ಕಾಗದದ ಮೇಲೆ ಒಪ್ಪಿಕೊಂಡಿದೆ. ನಮ್ಮಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ರಾಜ್ಯ ಸರ್ಕಾರ ಕಾನೂನು ತಂದಿತು, ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆಯುವ ವ್ಯವಸ್ಥೆಯೂ ಅದರಲ್ಲಿದೆ. ಸಂಜೆ ಊಟದ ಪೊಟ್ಟಣಗಳನ್ನು ಮನೆಮನೆಗೆ ತಲುಪಿಸುವ ನನ್ನ ವಿದ್ಯಾರ್ಥಿಗಳಿಗೆ ಅದು ದೊಡ್ಡ ಆಸರೆ. ಛತ್ರದ ಹುಡುಗರಿಗೆ ಅದೂ ಇಲ್ಲ: ಯಾವ ಆ್ಯಪಿನಲ್ಲೂ ಅವರ ಹೆಸರಿಲ್ಲ, ಕೈಗೆ ಬರುವುದು ನಗದು, ಬಿಸಿ ಸಾರು ಕಾಲಮೇಲೆ ಬಿದ್ದರೆ ಹಚ್ಚಿಕೊಳ್ಳುವುದು ಅಡುಗೆಮನೆಯಲ್ಲಿ ಸಿಕ್ಕಿದ ಟೂತ್‌ಪೇಸ್ಟು.

ನಿಂತೇ ಇರುವವರು

ಹುಡುಗಿಯರ ದುಡಿಮೆ ಇನ್ನೂ ಕಡಿಮೆ ಕಾಣುತ್ತದೆ, ಏಕೆಂದರೆ ಅವರು ತರಗತಿ ತಪ್ಪಿಸುವುದು ಅಪರೂಪ. ಒಂದು ದಿನ ಪಾಠದ ನಡುವೆ, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಚಪ್ಪಲಿ ಬಿಚ್ಚಿ ಪಾದಗಳನ್ನು ತಣ್ಣನೆಯ ನೆಲಕ್ಕೆ ಒತ್ತಿ ಕೂತಿದ್ದನ್ನು ನೋಡಿದೆ. ಪಾದಗಳು ಊದಿದ್ದವು. ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರ ತನಕ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ. ಗಿರಾಕಿ ಇರಲಿ ಬಿಡಲಿ ನಿಂತೇ ಇರಬೇಕು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲೇ ಬರೆದವು ಎಂದು ಅವಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೂರೋಕೆ ಸ್ಟೂಲ್ ಕೊಟ್ರೆ ಅಲ್ಲೇ ಓದ್ಕೋಬೋದಿತ್ತು ಮೇಡಂ” ಎಂದಳು. ವಿಶ್ರಾಂತಿಗಿಂತ ಮೊದಲು ಅವಳಿಗೆ ನೆನಪಾದದ್ದು ಓದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ಸಿನ ಖರ್ಚು ಉಳಿದು, ಭಾನುವಾರದ ಕೆಲಸವನ್ನು ಬಿಟ್ಟೆ ಎಂದೂ ಅವಳೇ ಹೇಳಿದಳು. ಒಂದು ಟಿಕೆಟ್ಟಿನ ಹಣ ಒಂದು ಹುಡುಗಿಗೆ ವಾರದ ಒಂದು ದಿನವನ್ನು ಮರಳಿ ಕೊಡಬಹುದು ಎನ್ನುವುದನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿರಲಿಲ್ಲ.

ತಾತನ ವಾರಾನ್ನ

ನಮ್ಮ ಮನೆಯಲ್ಲಿ ಕಷ್ಟಪಟ್ಟು ಓದುವುದೆಂದರೆ ತಾತನ ಕತೆ. 1940ರ ದಶಕದಲ್ಲಿ ಹಳ್ಳಿಯಿಂದ ಮೈಸೂರಿಗೆ ಬಂದು, ವಾರದ ಏಳು ದಿನ ಏಳು ಮನೆಗಳಲ್ಲಿ ವಾರಾನ್ನ ಉಂಡು ಅವರು ಓದಿದರು. ಸೋಮವಾರದ ಮನೆಯ ಸಾರು, ಗುರುವಾರದ ಮನೆಯ ಅಜ್ಜಿಯ ಬೈಗುಳ ಎಲ್ಲವನ್ನೂ ಕೊನೆಯ ತನಕ ಹೇಳುತ್ತಿದ್ದರು. ಅದನ್ನು ಕೇಳಿ ಬೆಳೆದ ನನ್ನಲ್ಲಿ, ಬಡತನ ಮನುಷ್ಯನನ್ನು ಗಟ್ಟಿ ಮಾಡುತ್ತದೆ, ಓದಬೇಕೆನ್ನುವವನು ಹೇಗಾದರೂ ಓದುತ್ತಾನೆ ಎಂಬ ನಂಬಿಕೆ ಬೇರುಬಿಟ್ಟಿತ್ತು. ಫಲಿತಾಂಶದ ದಿನಗಳಲ್ಲಿ ಪತ್ರಿಕೆಗಳೂ ಅದನ್ನೇ ನೀರೆರೆದು ಬೆಳೆಸುತ್ತವೆ: ಮನೆಮನೆಗೆ ಪೇಪರ್ ಹಾಕುತ್ತಲೇ ಚಿನ್ನದ ಪದಕ ಗೆದ್ದ ಹುಡುಗ, ಹೂ ಮಾರುತ್ತಲೇ ಮೊದಲ ರ‍್ಯಾಂಕ್ ಪಡೆದ ಹುಡುಗಿ. ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅದೇ ಬೆಳಗಿನ ಚಳಿಯಲ್ಲಿ ಪೇಪರ್ ಹಾಕಿ, ಮೂರು ವಿಷಯಗಳಲ್ಲಿ ಅನುತ್ತೀರ್ಣನಾಗಿ, ಐದನೆಯ ಸೆಮಿಸ್ಟರಿನಲ್ಲಿ ಸದ್ದಿಲ್ಲದೆ ಕಾಲೇಜು ಬಿಟ್ಟ ಹುಡುಗನ ಫೋಟೊ ಎಲ್ಲಿಯೂ ಬರುವುದಿಲ್ಲ. ಅವನು ಇನ್ನೊಬ್ಬನಿಗಿಂತ ಕಡಿಮೆ ಕಷ್ಟಪಟ್ಟವನೇನಲ್ಲ.

ಈಗ ತಾತನ ಕತೆಯನ್ನು ಬೇರೆಯಾಗಿ ಓದಿಕೊಳ್ಳುತ್ತೇನೆ. ವಾರಾನ್ನದ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ, ಇದನ್ನು ಮೊದಲು ಹೇಳದಿದ್ದರೆ ಉಳಿದ ಮಾತು ನ್ಯಾಯವಾಗದು. ಉಳಿದವರಿಗೆ ಆಸರೆಯಾದದ್ದು ಸಮುದಾಯಗಳು ಕಟ್ಟಿದ ವಿದ್ಯಾರ್ಥಿನಿಲಯಗಳು, ಸಿದ್ಧಗಂಗೆ, ಸುತ್ತೂರಿನಂಥ ಮಠಗಳು, ಆಮೇಲೆ ಸರ್ಕಾರದ ಹಾಸ್ಟೆಲುಗಳು. ಹಾಗಿದ್ದೂ ಆ ಏರ್ಪಾಡಿನಲ್ಲಿ ಒಂದು ಸಂಗತಿಯಿತ್ತು. ತಾತ ಬಡವರೆಂಬುದು ಏಳು ಮನೆಗೂ ಗೊತ್ತಿತ್ತು, ಶಾಲೆಯ ಮೇಷ್ಟರಿಗೂ ಗೊತ್ತಿತ್ತು. ಪರೀಕ್ಷೆ ಯಾವಾಗ ಎಂದು ಉಣಬಡಿಸುವ ತಾಯಂದಿರು ಕೇಳುತ್ತಿದ್ದರು. ಪರೀಕ್ಷೆಯ ದಿನ ಅಡುಗೆ ಬೇಗ ಆಗುತ್ತಿತ್ತು. ಉಂಡವರು ತಾತ, ಬಡಿಸಿದವರು ಬೇರೆಯವರು. ನನ್ನ ವಿದ್ಯಾರ್ಥಿ ಬಡಿಸುವ ಕಡೆಗಿದ್ದಾನೆ, ಅವನ ಪರೀಕ್ಷೆ ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ವಿದ್ಯಾಸಿರಿಯಂಥ ಯೋಜನೆಗಳು ಈ ಜಾಗವನ್ನು ತುಂಬಲೆಂದೇ ಬಂದವು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ ವಸತಿಗೆಂದು 2013–14ರಲ್ಲಿ ಅದು ಆರಂಭವಾದಾಗ ಗೊತ್ತುಮಾಡಿದ ನೆರವು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು. ಆ ಹಣ ಖಾತೆಗೆ ಬಂದ ವಾರ ನನ್ನ ತರಗತಿಯಲ್ಲಿ ಮುಖಗಳು ಹಗುರಾಗಿರುವುದನ್ನು ನೋಡಿದ್ದೇನೆ. ಆದರೆ ಬಾಡಿಗೆ ತಿಂಗಳ ಮೊದಲ ವಾರವೇ ಕಟ್ಟಬೇಕು. ನೆರವು ವರ್ಷದಲ್ಲಿ ಯಾವಾಗಲೋ ಒಮ್ಮೆ ಒಟ್ಟಾಗಿ ಬರುತ್ತದೆ. ನಡುವಿನ ತಿಂಗಳುಗಳನ್ನು ಛತ್ರಗಳೇ ನಡೆಸುತ್ತವೆ.

ಅಧಿಕ ಶ್ರಾವಣ

ಹಾಜರಿ ಕೊರತೆಯಿಂದ ಆ ಕೊನೆಯ ಬೆಂಚಿನ ಹುಡುಗ ಪಾರಾದದ್ದು ವೈದ್ಯಕೀಯ ಪ್ರಮಾಣಪತ್ರದಿಂದ. ಕಾಮಾಲೆ ಎಂದು ಅದರಲ್ಲಿ ಬರೆದಿತ್ತು. ಅದು ಸುಳ್ಳೆಂದು ಅವನಿಗೂ ನನಗೂ ಗೊತ್ತಿತ್ತು. ಮೇಜಿನ ಎರಡು ಬದಿಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡದೆ ಅವನು ಕೊಟ್ಟ, ನಾನು ಶಿಫಾರಸು ಬರೆದೆ. ಇಲ್ಲದ ಕಾಯಿಲೆಗೆ ನಮ್ಮ ನಿಯಮದಲ್ಲಿ ರಿಯಾಯಿತಿಯಿದೆ. ಹತ್ತೊಂಬತ್ತು ಗಂಟೆ ದುಡಿದೆ ಎಂಬ ನಿಜವನ್ನು ಬರೆಯಲು ಆ ಅರ್ಜಿಯಲ್ಲಿ ಒಂದು ಗೆರೆಯೂ ಇಲ್ಲ. ಆ ಸಹಿಯ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ, ಆದರೆ ಅವನ ಕೈಯಲ್ಲಿ ಆ ಸುಳ್ಳನ್ನು ಹೇಳಿಸಿದ ಬಗ್ಗೆ ಇದೆ.

ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂತು. ಜೂನ್ ಮೂರನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ, ಸುಮಾರು ಎರಡು ತಿಂಗಳು ಮುಹೂರ್ತಗಳಿರಲಿಲ್ಲ. ಕಾಲೇಜು ನಡೆದ ದಿನಗಳಲ್ಲೆಲ್ಲ ನನ್ನ ತರಗತಿ ಹಿಂದೆಂದೂ ಕಾಣದಷ್ಟು ತುಂಬಿತ್ತು, ಮತ್ತು ಅದನ್ನು ನೋಡಿ ಸಂತೋಷಪಡುವ ಹಕ್ಕು ನನಗಿರಲಿಲ್ಲ. ನಿದ್ದೆ ಮಾಡಿದ ಕಣ್ಣುಗಳು ಮುಂದೆ ಕೂತಿದ್ದವು. ಅವನು ಮೊದಲ ಬಾರಿಗೆ ಕೈಯೆತ್ತಿ, ಬೇಡಿಕೆ ಹೆಚ್ಚಾದರೂ ತಮ್ಮ ಕೂಲಿ ಏಕೆ ಏರುವುದಿಲ್ಲ ಎಂದು ಕೇಳಿದ, ಅರ್ಧ ಗಂಟೆ ಇಡೀ ತರಗತಿ ಅದರ ಬಗ್ಗೆ ಮಾತಾಡಿತು. ನನ್ನ ಹದಿನಾಲ್ಕು ವರ್ಷಗಳಲ್ಲಿ ಅದಕ್ಕಿಂತ ಒಳ್ಳೆಯ ಪಾಠ ನಡೆದದ್ದು ನೆನಪಿಲ್ಲ. ಮಧ್ಯಾಹ್ನ ಅವರು ಊಟದ ಡಬ್ಬಿ ತೆರೆಯದೆ ನಲ್ಲಿಯ ಹತ್ತಿರ ಹೋಗುವುದನ್ನೂ ನೋಡಿದೆ. ರೂಮಿನ ಬಾಡಿಗೆ ಎರಡು ತಿಂಗಳದ್ದು ಬಾಕಿ ಬಿದ್ದಿತ್ತು. ಓದಲು ಹೊತ್ತು ಸಿಕ್ಕಾಗ ಕಾಸಿಲ್ಲ, ಕಾಸು ಸಿಕ್ಕಾಗ ಹೊತ್ತಿಲ್ಲ. ಆ ಎರಡು ತಿಂಗಳು ಕಾಲೇಜಿನ ಗ್ರಂಥಾಲಯದಲ್ಲಿ, ಪ್ರಯೋಗಾಲಯದಲ್ಲಿ ದಿನಕ್ಕೆ ಎರಡು ಗಂಟೆಯ ಕೆಲಸವನ್ನು ಸಂಬಳ ಕೊಟ್ಟು ಅವರಿಂದಲೇ ಮಾಡಿಸಬಹುದಿತ್ತು. ಪಕ್ಕದ ಮಹಾರಾಷ್ಟ್ರದಲ್ಲಿ ಭಾವುರಾವ್ ಪಾಟೀಲರು 1919ರಲ್ಲಿ ಕಟ್ಟಿದ ರಯತ ಶಿಕ್ಷಣ ಸಂಸ್ಥೆ ಗಳಿಸುತ್ತ ಕಲಿಯುವ ಕ್ರಮವನ್ನು ಬಹಳ ಹಿಂದೆಯೇ ನಡೆಸಿ ತೋರಿಸಿದೆ. ವಿದ್ಯಾರ್ಥಿಯ ದುಡಿಮೆ ಸಂಸ್ಥೆಯ ಕಣ್ಣೆದುರಿಗೇ, ಪಾಠದ ಸಮಯವನ್ನು ಬಿಟ್ಟು ನಡೆಯುತ್ತದೆ. ನಾನು ಬರೆದುಕೊಟ್ಟ ಪ್ರಸ್ತಾವ ಎಲ್ಲಿಯೋ ಕಡತದಲ್ಲಿದೆ. ಮತ್ತೆ ಮತ್ತೆ ಕೇಳುತ್ತಲೇ ಇದ್ದೇನೆ.

ನನ್ನ ಕೈಯಲ್ಲಿ ಆಗುವಷ್ಟನ್ನು ಬದಲಾಯಿಸಿಕೊಂಡಿದ್ದೇನೆ. ಸೆಮಿಸ್ಟರಿನ ಮೊದಲ ವಾರ ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಕರೆದು, ಎಲ್ಲಿ ಕೆಲಸ, ಎಷ್ಟು ಗಂಟೆ, ಎಷ್ಟು ಹೊತ್ತು ನಿದ್ದೆ ಎಂದು ಕೇಳುತ್ತೇನೆ. ಮೊದಲ ವರ್ಷ ಯಾರೂ ಹೇಳಲಿಲ್ಲ, ಈಗ ಹೇಳುತ್ತಾರೆ. ಅರವತ್ತು ಜನರ ತರಗತಿಯಲ್ಲಿ ಕಳೆದ ವರ್ಷ ಮೂವತ್ತೇಳು ಮಂದಿ ಯಾವುದೋ ಒಂದು ಕೆಲಸ ಮಾಡುತ್ತಿದ್ದರು: ಪೆಟ್ರೋಲ್ ಬಂಕ್, ಔಷಧಿ ಅಂಗಡಿ, ದಸರಾ ಕಾಲದಲ್ಲಿ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನದ ಮಳಿಗೆಗಳು. ಆಂತರಿಕ ಪರೀಕ್ಷೆಯ ದಿನ ಗೊತ್ತುಮಾಡುವ ಮೊದಲು ಪಂಚಾಂಗ ತೆಗೆದು ಲಗ್ನಗಳಿಲ್ಲದ ದಿನ ಹುಡುಕುತ್ತೇನೆ. ಸೋಮವಾರದ ಮೊದಲ ಪಾಠಕ್ಕೆ ಹೊಸ ವಿಷಯ ಆರಂಭಿಸುವುದಿಲ್ಲ. ಯಾರಾದರೂ ನಿದ್ದೆ ಹೋದರೆ ಆ ಬದಿಯ ಕಿಟಕಿಯನ್ನು ಮುಚ್ಚಿ ದನಿ ತಗ್ಗಿಸುತ್ತೇನೆ, ಆಮೇಲೆ ಟಿಪ್ಪಣಿ ಕಳುಹಿಸುತ್ತೇನೆ.

ಆ ಹುಡುಗ ಪದವಿಯ ಎಲ್ಲ ವಿಷಯಗಳನ್ನೂ ಪಾಸು ಮಾಡಿಕೊಂಡಿದ್ದಾನೆ, ಒಂದನ್ನು ಬಿಟ್ಟು. ಅದು ಆ ಫಾಲ್ಗುಣದಲ್ಲಿ ಅವನು ತಪ್ಪಿಸಿದ ಪಾಠಗಳ ವಿಷಯ, ಅಂದರೆ ನನ್ನದು. ಈಗ ಅವನೇ ಹುಡುಗರನ್ನು ಒದಗಿಸುವ ಅಣ್ಣನಾಗಿದ್ದಾನೆ. ಕಾಲೇಜಿಗೆ ಹೋಗುವವರು ಯಾರು, ಯಾರಿಗೆ ಯಾವಾಗ ಪರೀಕ್ಷೆ ಎಂದು ಕೇಳಿ ಬರೆದಿಟ್ಟುಕೊಂಡೇ ಕರೆಯುತ್ತಾನಂತೆ. ಕಳೆದ ವಾರ ರಾತ್ರಿ ಹನ್ನೊಂದರ ಮೇಲೆ ಅವನ ಫೋನ್ ಬಂತು. ಹಿನ್ನೆಲೆಯಲ್ಲಿ ಪಾತ್ರೆಗಳ ಸದ್ದು. “ಮೇಡಂ, ವೇಳಾಪಟ್ಟಿ ಬಂದಿದೆ. ನಿಮ್ಮ ಪೇಪರ್ ದಿನ ಮುಹೂರ್ತ ಇಲ್ಲ, ನೋಡ್ಕೊಂಡಿದ್ದೀನಿ. ಹಿಂದಿನ ರಾತ್ರಿನೂ ಕೆಲಸ ಇಟ್ಕೊಂಡಿಲ್ಲ” ಎಂದ.